ಅದೃಷ್ಟಕ್ಕೂ ಸಂಬಳಶ್ರೇಣಿ

ವಿಶೇಷ ಪರಿಣತಿಯುಳ್ಳವರನ್ನು ಹೊರದೇಶಗಳಿಂದ ಕೆಲಸಕ್ಕೆ ಬರಮಾಡಿಕೊಳ್ಳಲೆಂದು 1990ರಲ್ಲಿ ಎಚ್‌-1ಬಿ ವೀಸಾವನ್ನು ರೂಪಿಸಿದ ಅಮೆರಿಕ, ಆ ಪರಿಣತರಲ್ಲಿ ಯಾರಿಗೆ ಬಾಗಿಲು ತೆರೆಯಬೇಕೆಂಬ ಪ್ರಶ್ನೆಯನ್ನು ಚೀಟಿ ಎತ್ತಿ ಬಗೆಹರಿಸುತ್ತ ಬಂದಿದೆ. ವರ್ಷಕ್ಕೆ 65,000 ವೀಸಾ, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000; ಮಿಕ್ಕವರದು ಹಣೆಬರಹ. ಅಲ್ಗಾರಿದಮ್‌ಗಳ ಕುರಿತು ಎರಡು ವರ್ಷ ತಲೆಕೆಡಿಸಿಕೊಂಡು ಓದಿದ ಹುಡುಗಿಯ ಭವಿಷ್ಯವನ್ನು ಜಗತ್ತಿನ ಅತ್ಯಂತ ಸರಳವಾದ ಅಲ್ಗಾರಿದಮ್ ತೀರ್ಮಾನಿಸುತ್ತದೆ. 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ನಮ್ಮ ಕರ್ನಾಟಕದಲ್ಲಿ, ಮಕ್ಕಳನ್ನು ಎಂ.ಎಸ್. ಓದಲು ಕಳಿಸುವುದಕ್ಕಾಗಿ ಮನೆ ಅಡವಿಟ್ಟ ಮರ್ಯಾದಸ್ಥ ತಂದೆತಾಯಿಯರು ಮಾರ್ಚ್ ಬಂತೆಂದರೆ ಲಾಟರಿಯ ಫಲಿತಾಂಶಕ್ಕಾಗಿ ದೇವರಿಗೆ ಹರಕೆ ಹೊರುತ್ತಾರೆ.

2023ರಲ್ಲಿ ಈ ಲಾಟರಿಗೆಂದು ಕಂಪನಿಗಳು ಮಾಡಿಸಿದ ಅರ್ಹ ನೋಂದಣಿಗಳು ಏಳೂವರೆ ಲಕ್ಷ ದಾಟಿದವು. ಪ್ರತಿಭೆಯ ಮಹಾಪೂರವೇ ಬಂತೆಂದು ಹಿಗ್ಗುವಂತಿರಲಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಒಬ್ಬರನ್ನೇ ಹಲವು ಕಂಪನಿಗಳು ತಮ್ಮವರೆಂದು ಹೇಳಿಕೊಂಡು ನೋಂದಾಯಿಸಿದವುಗಳಾಗಿದ್ದವು. ನೋಂದಣಿ ಶುಲ್ಕ ಹತ್ತು ಡಾಲರ್ ಆಗಿದ್ದಾಗ ಜಿಪುಣತನಕ್ಕೆ ಕಾರಣವೂ ಇರಲಿಲ್ಲ. ಮರುವರ್ಷದಿಂದ ಎಷ್ಟು ಕಂಪನಿಗಳು ಹೆಸರು ಕೊಟ್ಟರೂ ಒಬ್ಬರಿಗೆ ಒಂದೇ ಚೀಟಿ ಎಂದಾಯಿತು. 2025ರಲ್ಲಿ ಶುಲ್ಕ 215 ಡಾಲರ್ ಆಯಿತು.

ಬರಿಯ ಅದೃಷ್ಟವನ್ನು ನಂಬಿ ಕೂರುವುದು ಸರಿಯಲ್ಲವೆಂಬ ಜ್ಞಾನೋದಯ ಕೊನೆಗೂ ಆಗಿದೆ. 2026ರ ನಿಯಮದ ಪ್ರಕಾರ ಎಲ್ಲಕ್ಕಿಂತ ಮೇಲಿನದಾದ ನಾಲ್ಕನೆಯ ವೇತನ ಶ್ರೇಣಿಯವರ ಹೆಸರು ಡಬ್ಬಿಯಲ್ಲಿ ನಾಲ್ಕು ಸಲ, ಕೆಳಗಿನದಾದ ಮೊದಲ ಶ್ರೇಣಿಯವರದು ಒಂದು ಸಲ. ಚೀಟಿ ಎತ್ತುವುದನ್ನು ನಿಲ್ಲಿಸಬಹುದಿತ್ತಲ್ಲ ಎಂದು ಕೇಳಬೇಡಿ. ಅದೃಷ್ಟಕ್ಕೂ ಸಂಬಳಶ್ರೇಣಿಯನ್ನು ನಿಗದಿಪಡಿಸುವಂಥ ಆಡಳಿತ ಸುಧಾರಣೆ ನಮ್ಮ ವಿಧಾನಸೌಧಕ್ಕೂ ಹೊಳೆದಿರಲಿಲ್ಲ. ಆಗತಾನೆ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಮೊದಲ ಶ್ರೇಣಿಯಲ್ಲಿಯೇ ಇರುತ್ತಾರೆ. ನಾಲ್ಕನೆಯದನ್ನು ಮುಟ್ಟಲು ಅನುಭವ ಬೇಕು, ಅನುಭವ ಗಳಿಸಲು ವೀಸಾ ಬೇಕು.

ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ 2025ರ ಸೆಪ್ಟೆಂಬರ್ 19ರಂದು ಹೊರಟಿತು. ಅದು ಪ್ರತಿ ವರ್ಷದ ಶುಲ್ಕವೆಂದು ವಾಣಿಜ್ಯ ಸಚಿವರು ಶುಕ್ರವಾರ ಹೇಳಿದರು, ಒಮ್ಮೆ ಕಟ್ಟಿದರೆ ಸಾಕೆಂದು ಶ್ವೇತಭವನ ಶನಿವಾರ ಹೇಳಿತು. ನಡುವಿನ ರಾತ್ರಿ, ರಜೆಗೆ ಊರಿಗೆ ಬಂದಿದ್ದ ವೀಸಾದಾರರು ಅದು ತಮಗೂ ಅನ್ವಯಿಸೀತೆಂದು ಹೆದರಿ ಸಿಕ್ಕ ದರಕ್ಕೆ ವಾಪಸು ಟಿಕೆಟ್ ಕೊಂಡರು. ವಿಮಾನ ಸಂಸ್ಥೆಗಳಿಗೆ ಮಾತ್ರ ಈ ನೀತಿಯ ಪ್ರಯೋಜನ ತಕ್ಷಣವೇ ತಿಳಿದಿರಬೇಕು.

ಚೀಟಿ ಎದ್ದವರೂ ನೆಮ್ಮದಿಯಿಂದ ಕಾಲು ಚಾಚುವಂತಿಲ್ಲ. ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಅಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನಲ್ಲಂತೂ ಪರಿಪೂರ್ಣ ಸಮಾನತೆಯಿದೆ: ವರ್ಷದ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚಿಲ್ಲವೆಂಬ ಮಿತಿ ನೂರನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲೆಂಡಿಗೂ ಒಂದೇ. ಹೀಗಾಗಿ ಸರದಿಯಲ್ಲಿ ನಿಂತವರ ತಲೆ ನರೆಯುತ್ತದೆ, ಮಕ್ಕಳು ಬೆಳೆಯುತ್ತಾರೆ. ಎರಡು ವರ್ಷದ ಮಗುವಾಗಿ ಬೆಂಗಳೂರಿನಿಂದ ಹೋದವನಿಗೆ 21 ತುಂಬಿದ ದಿನ ಅಪ್ಪ ಅಮ್ಮನ ಸರದಿಯಿಂದ ಹೊರಗೆ ಸರಿಯಬೇಕಾಗುತ್ತದೆ. ಅಲ್ಲಿಯೇ ಉಳಿಯಲು ಅವನು ವಿದ್ಯಾರ್ಥಿ ವೀಸಾ ಕೇಳಬೇಕು. ಓದು ಮುಗಿದೊಡನೆ ತನಗೆ ನೆನಪೇ ಇಲ್ಲದ ಬೆಂಗಳೂರಿಗೆ ಮರಳುವುದಾಗಿ ಅಧಿಕಾರಿಯನ್ನು ನಂಬಿಸಬೇಕು. ಆಮೇಲೆ ಮೊದಲ ಶ್ರೇಣಿಯ ಕೆಲಸವೊಂದನ್ನು ಹಿಡಿದು, ತನ್ನ ಪಾಲಿನ ಒಂದು ಚೀಟಿಯನ್ನು ಡಬ್ಬಿಗೆ ಹಾಕಿಸಬೇಕು.