ಅರ್ಜೆಂಟೀನಾ ನಿಂಗೆ ಎಂತ ಆಗ್ಬೇಕು?

ಕಾಸರಗೋಡಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಹತ್ತಿರ ಬಂತೆಂದರೆ ಮೊದಲು ಗೊತ್ತಾಗುವುದು ಕರೆಂಟ್ ಕಂಬ ನೋಡಿದಾಗ. ಉಪ್ಪಳದಿಂದ ಕುಂಬಳೆಗೆ, ಅಲ್ಲಿಂದ ಮೊಗ್ರಾಲ್ ದಾಟಿ ಪೇಟೆಗೆ ಬರುವಷ್ಟರಲ್ಲಿ ಒಂದು ಕಂಬ ಅರ್ಜೆಂಟೀನಾದ ನೀಲಿ-ಬಿಳಿ, ಮುಂದಿನದು ಬ್ರೆಜಿಲಿನ ಹಳದಿ-ಹಸಿರು. ನಡುವೆ ಎಲ್ಲಾದರೂ ಒಂದು ಪೋರ್ಚುಗಲ್ ಧ್ವಜ, ಅದು ರೊನಾಲ್ಡೊ ಒಬ್ಬನ ಲೆಕ್ಕಕ್ಕೆ. ಫ್ಲೆಕ್ಸ್‌ನಲ್ಲಿ ಮೆಸ್ಸಿ ಆಳೆತ್ತರ ನಿಂತಿರುತ್ತಾನೆ, ಅವನ ಕಾಲ ಬುಡದಲ್ಲಿ ಊರಿನ ಹುಡುಗರ ಪಾಸ್‌ಪೋರ್ಟ್ ಸೈಜ್ ಫೋಟೊಗಳ ಸಾಲು. ಗಲ್ಫಿನಲ್ಲಿ ಇರುವವರದ್ದೂ ಇರುತ್ತದೆ. ದುಡ್ಡು ಕಳಿಸಿದವರು ಅವರೇ ಅಲ್ವಾ.

ಮಂಗಳೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಇದನ್ನು ಕಂಡರೆ ಆಗುವುದಿಲ್ಲ. "ಎಂತ ಮಾರಾಯ, ಅರ್ಜೆಂಟೀನಾ ನಿಂಗೆ ಎಂತ ಆಗ್ಬೇಕು? ಮೊದಲು ಇಂಡಿಯಾಕ್ಕೆ ಸಪೋರ್ಟ್ ಮಾಡಿ" ಅಂತಾನೆ. ಬೆಂಗಳೂರಿನ ಗೆಳೆಯರದ್ದೂ ಇದೇ ರಾಗ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇವರಲ್ಲಿ ಒಬ್ಬರಾದರೂ ಇಂಡಿಯಾದ ಫುಟ್‌ಬಾಲ್ ಮ್ಯಾಚನ್ನು ಪೂರ್ತಿ ಕೂತು ನೋಡಿದ್ದನ್ನು ನಾನಂತೂ ಕಂಡಿಲ್ಲ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಇಂಡಿಯಾ ಚೈನೀಸ್ ತೈಪೆಗೆ 5-0 ಹೊಡೆದಾಗ ಸ್ಟೇಡಿಯಂ ಅರ್ಧಕ್ಕಿಂತ ಜಾಸ್ತಿ ಖಾಲಿ. ಪಾಪ, ಕ್ಯಾಪ್ಟನ್ ಸುನಿಲ್ ಛೆಟ್ರಿ ಒಂದು ವಿಡಿಯೊ ಹಾಕಿ ಬೈಯುವುದಾದರೂ ಬೈಯಿರಿ, ಆದರೆ ಬಂದು ನೋಡಿ ಎಂದು ಕೇಳಿಕೊಳ್ಳಬೇಕಾಯಿತು. ಮುಂದಿನ ಕೀನ್ಯಾ ಮ್ಯಾಚಿಗೆ ಟಿಕೆಟ್ ಎಲ್ಲ ಹೋಯಿತು, ಸರಿ. ಆದರೆ ಹೆಚ್ಚಿನವರಿಗೆ ಇಂಡಿಯಾದ ಫುಟ್‌ಬಾಲ್ ಟೀಮ್ ನೆನಪಾಗುವುದು ಮತ್ತೊಬ್ಬನ ಮೈಮೇಲೆ ನೀಲಿ-ಬಿಳಿ ಜೆರ್ಸಿ ನೋಡಿದಾಗ ಮಾತ್ರ.

ಕರ್ನಾಟಕ-ಕೇರಳ ಗಡಿಯ ಎರಡು ಕಡೆಯ ಅಭಿಮಾನದ ರೀತಿಯೇ ಬೇರೆ. ಆ ಕಡೆ, ಕರ್ನಾಟಕದಲ್ಲಿ, ಟೀಮ್ ಎಂದರೆ ನಮ್ಮದು. ಈ ಕಡೆ ಟೀಮ್ ಎಂದರೆ ಹಿಡಿಸಿದ್ದು. "ಈ ಸಲ ಕಪ್ ನಮ್ದೆ" ಎಂದು ಹದಿನೆಂಟು ಸೀಸನ್ ಕಾದು 2025ರ ಜೂನ್ 3ಕ್ಕೆ ಆರ್‌ಸಿಬಿಗೆ ಐಪಿಎಲ್ ಕಪ್ ಬಂತು. ಆ ಘೋಷಣೆಯಲ್ಲಿ ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುವ ಗುಣವೂ ಇತ್ತು, ಅದಕ್ಕೇ ನನಗೆ ಇಷ್ಟ. ಇಂಗ್ಲೆಂಡಿನವರಲ್ಲಿ ಅದೂ ಕಡಿಮೆ. ವಿಶ್ವಕಪ್ ಗೆದ್ದದ್ದು ಒಂದೇ ಸಲ, 1966ರಲ್ಲಿ, ಅದೂ ಸ್ವಂತ ನೆಲದಲ್ಲಿ. ಆದರೂ ಆಟ ನಮ್ಮಲ್ಲಿ ಹುಟ್ಟಿದ್ದು, ಹಾಗಾಗಿ ಕಪ್ ಬರಬೇಕಾದ್ದೂ ನಮ್ಮಲ್ಲಿಗೇ ಎಂಬ ಧಾಟಿ. ಜರ್ಮನಿ ಎದುರಿಗೆ ಸಿಕ್ಕಿದರೆ ಎರಡು ಮಹಾಯುದ್ಧ, ಒಂದು ವಿಶ್ವಕಪ್ ಎಂದು ಲೆಕ್ಕ ಹೇಳುತ್ತಾರೆ. ಜರ್ಮನಿಯ ಹತ್ತಿರ ನಾಲ್ಕು ಕಪ್ ಇದೆ, ಅದನ್ನು ಯಾರೂ ಎಣಿಸುವುದಿಲ್ಲ. 2021ರ ಜುಲೈ 11ರಂದು ಯುರೋ ಫೈನಲ್ ಇದ್ದ ದಿನ ಟಿಕೆಟ್ ಇಲ್ಲದವರು ವೆಂಬ್ಲಿಯ ಗೇಟಿನಲ್ಲಿ ನುಗ್ಗಿದರು. ನಮ್ಮ ಟೀಮ್, ನಮ್ಮ ಸ್ಟೇಡಿಯಂ, ಟಿಕೆಟ್ ಯಾಕೆ ಬೇಕು? ಪೆನಾಲ್ಟಿಯಲ್ಲಿ ಇಟಲಿ ಗೆದ್ದಿತು. ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ, ಇಂಗ್ಲೆಂಡಿನ ಈ ಮೂವರ ಒದೆತ ಗೋಲಾಗಲಿಲ್ಲ. ಮೂವರೂ ಕಪ್ಪು ಹುಡುಗರು. ಆ ರಾತ್ರಿಯೇ ಅವರ ಬಣ್ಣ ಹಿಡಿದು ಬೈಗುಳ ಶುರುವಾಯಿತು. ಸಾಕಾನಿಗೆ ಆಗ 19 ವರ್ಷ.

ನನಗೆ ಈ ಇಡೀ ವಿಷಯದಲ್ಲಿ ತಾಗುವುದು ಇದೇ ಜಾಗ. ಟರ್ಕಿ ಮೂಲದ ಮೆಸುಟ್ ಓಜಿಲ್ ಹುಟ್ಟಿದ್ದು ಜರ್ಮನಿಯ ಗೆಲ್ಸೆನ್‌ಕಿರ್ಶನ್‌ನಲ್ಲಿ, 2014ರಲ್ಲಿ ವಿಶ್ವಕಪ್ ಗೆದ್ದ ಟೀಮಿನವನು. 2018ರಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಜೊತೆ ಫೋಟೊ ತೆಗೆಸಿಕೊಂಡ. ಅದು ಜಾಣತನ ಆಗಿರಲಿಲ್ಲ ಎಂದು ನನಗೂ ಅನಿಸುತ್ತದೆ. ಆ ವರ್ಷ ಜರ್ಮನಿ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು, ಬೈಗುಳ ಪೂರ್ತಿ ಇವನ ತಲೆಗೆ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಬರೆದು ದೇಶದ ಟೀಮ್ ಬಿಟ್ಟ. ಅದೇ ವರ್ಷ ಬೆಲ್ಜಿಯಂನ ಲುಕಾಕು ಹೆಚ್ಚುಕಡಿಮೆ ಅದನ್ನೇ ಹೇಳಿದ. ಚೆನ್ನಾಗಿ ಆಡಿದರೆ ಪೇಪರಿನಲ್ಲಿ ಬೆಲ್ಜಿಯಂನ ಸ್ಟ್ರೈಕರ್, ಆಡದಿದ್ದರೆ ಕಾಂಗೊ ಮೂಲದ ಬೆಲ್ಜಿಯಂ ಸ್ಟ್ರೈಕರ್.

ಇದು ಬೆಂಗಳೂರಿನವರಿಗೆ ಸುದ್ದಿ. ನಮಗೆ ಮನೆಯ ಮಾತು. 1956ರ ನವೆಂಬರ್ 1ಕ್ಕೆ ಕರ್ನಾಟಕದವರು ಹಬ್ಬ ಮಾಡುವಾಗ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಆಚೆ ಕರ್ನಾಟಕಕ್ಕೆ ಹೋಗಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಆಗಲಿಲ್ಲ. ಇಲ್ಲಿ ಆಫೀಸಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಮುಖ ನೋಡುತ್ತಾರೆ. ಆಚೆ ಹೋದರೆ, ಓ, ಕೇರಳದವರಾ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ ಅಂತ ಹೊಗಳುತ್ತಾರೆ, ಸಿಟ್ಟು ಬರಬೇಕೋ ನಗು ಬರಬೇಕೋ ಗೊತ್ತಾಗುವುದಿಲ್ಲ. ಭಾಷಣಕ್ಕೆ, ಸಮ್ಮೇಳನಕ್ಕೆ ನಾವು ಗಡಿನಾಡ ಕನ್ನಡಿಗರು, ಹೆಮ್ಮೆಯ ಮಕ್ಕಳು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡಿದ್ದ ರೋಗಿಗಳು ಈಚೆಯೇ ಉಳಿದರು. ಆ ದಿನ ನಾವು ಸುಮ್ನೆ ಕೇರಳದವರು. ಓಜಿಲ್‌ನ ಸಾಲು ಓದಿದಾಗ ನನಗೆ ಫುಟ್‌ಬಾಲ್ ನೆನಪಾಗಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. 2022ರ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ತನಕ ಹೋದ ಮೊರಾಕೊ ಟೀಮಿನ 26 ಜನರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕೊದ ಹೊರಗೆ. ಕೋಚ್ ರೆಗ್ರಾಗಿ ಹುಟ್ಟಿದ್ದೂ ಫ್ರಾನ್ಸಿನಲ್ಲಿ. ಸ್ಪೇನ್ ಎದುರು ಪೆನಾಲ್ಟಿಯಲ್ಲಿ ಕೊನೆಯ ಬಾಲನ್ನು ಮೆಲ್ಲಗೆ ಎತ್ತಿ ಗೋಲ್‌ನ ನಡುವಿಗೆ ಹಾಕಿದ ಹಕೀಮಿ ಹುಟ್ಟಿ ಬೆಳೆದದ್ದು ಮ್ಯಾಡ್ರಿಡ್‌ನಲ್ಲೇ. ಹೊರನಾಡ ಮೊರಾಕೊದವರು ಎಂದು ಕರೆಯಬಹುದೇನೋ. ಓಜಿಲ್ ಇರುವ ಊರಿಗೆ ಆಡಿದ, ಹಕೀಮಿ ಅಪ್ಪ-ಅಮ್ಮನ ಊರಿಗೆ ಆಡಿದ. ಇಬ್ಬರದ್ದೂ ಸರಿ ಎಂದೇ ನನ್ನ ಅನಿಸಿಕೆ. ಆದರೆ ಗ್ಯಾಲರಿಯಲ್ಲಿ ಕೂತವನಿಗೆ ಇದು ಒಪ್ಪಿಗೆ ಆಗುವುದಿಲ್ಲ. ಅವನಿಗೆ ಯಾವಾಗಲೂ ಒಂದು ಸರ್ಟಿಫಿಕೇಟ್ ಬೇಕು.

ಆ ಸರ್ಟಿಫಿಕೇಟ್ ಕೇಳುವ ಚಟ ಆಟಗಾರನಲ್ಲಿಗೆ ನಿಲ್ಲಲಿಲ್ಲ, ನೋಡುವವರಿಗೂ ಬಂತು. ಕತಾರಿನಲ್ಲಿ ಕಪ್ ಶುರುವಾಗುವ ಮೊದಲು ನಮ್ಮ ಕಡೆಯ ಜನ ಚೆಂಡೆ ಬಡಿದುಕೊಂಡು, ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಜೆರ್ಸಿ ಹಾಕಿಕೊಂಡು ದೋಹಾದಲ್ಲಿ ಮೆರವಣಿಗೆ ಮಾಡಿದರು. ಯುರೋಪಿನ ಎಷ್ಟೋ ಜನ ಆ ವಿಡಿಯೊ ನೋಡಿ ಇವರು ದುಡ್ಡು ಕೊಟ್ಟು ತಂದ ನಕಲಿ ಅಭಿಮಾನಿಗಳು ಎಂದರು. ಭಾರತದವನ ಮುಖ ಇಟ್ಟುಕೊಂಡು ಇಂಗ್ಲೆಂಡಿಗೆ ಜೈ ಎನ್ನಬಾರದಾ ಎಂದು ಫಿಫಾ ಅಧ್ಯಕ್ಷ ಇನ್‌ಫ್ಯಾಂಟಿನೊ ಸಿಟ್ಟಾದ. (ಅದೇ ದಿನ ತನಗೆ ವಲಸೆ ಕಾರ್ಮಿಕನ ಹಾಗೆ ಅನಿಸುತ್ತಿದೆ ಎಂದೂ ಹೇಳಿದ ಮನುಷ್ಯ, ಹಾಗಾಗಿ ಅವನ ಸಿಟ್ಟನ್ನು ನಾನು ಜಾಸ್ತಿ ನೆಚ್ಚಿಕೊಂಡಿಲ್ಲ.) ಕಟೀಲು ಮೇಳದ ಯಕ್ಷಗಾನ ಆಟ ನೋಡಿ ಬೆಳಗಿನ ತನಕ ಕೂರುವವನು ಕಟೀಲಿನವನೇ ಆಗಬೇಕಾ? ಆ ಸ್ಟೇಡಿಯಂ ಕಟ್ಟಿದವರಲ್ಲಿ ನಮ್ಮ ದೇಶದವರಿದ್ದರು. ಕಟ್ಟಿದಾಗ ಅಸಲಿ, ಒಳಗೆ ಬಂದು ಕೂಗಿದಾಗ ನಕಲಿ.

ಹಾಗಂತ ನಮ್ಮವರೆಲ್ಲ ಸಾಚಾ ಅಂತ ಅಲ್ಲ. ಹಿಡಿಸಿದ ಟೀಮಿನ ಬಣ್ಣ ಮಾತ್ರ ನಾವು ತೆಗೆದುಕೊಳ್ಳುತ್ತೇವೆ, ಅದರ ರಾಜಕೀಯ ನಮಗೆ ಬೇಡ. 2024ರ ಕೋಪಾ ಅಮೆರಿಕ ಫೈನಲ್ ನೆನಪಿದೆಯಾ? ಮಯಾಮಿಯಲ್ಲಿ ಅಲ್ಲಿಯೂ ಟಿಕೆಟ್ ಇಲ್ಲದವರು ನುಗ್ಗಿ ಮ್ಯಾಚ್ ಒಂದು ಗಂಟೆಗಿಂತ ಜಾಸ್ತಿ ತಡ ಆಯಿತು. ಅರ್ಜೆಂಟೀನಾ ಗೆದ್ದಿತು, ನಮ್ಮಲ್ಲಿ ಬೆಳಗ್ಗೆಯೇ ಪಟಾಕಿ. ಆಮೇಲೆ ಟೀಮಿನ ಬಸ್ಸಿನಿಂದ ಅರ್ಜೆಂಟೀನಾದ ಆಟಗಾರ ಎನ್ಸೊ ಫೆರ್ನಾಂಡಿಸ್ ಇನ್‌ಸ್ಟಾಗ್ರಾಂನಲ್ಲಿ ಲೈವ್ ಬಂದ. ಫ್ರಾನ್ಸ್ ಟೀಮಿನವರು ಆಫ್ರಿಕಾದವರು, ಪಾಸ್‌ಪೋರ್ಟ್ ಮಾತ್ರ ಫ್ರಾನ್ಸಿನದ್ದು ಎಂದು ಬಸ್ಸಿನಲ್ಲಿದ್ದ ಆಟಗಾರರು ಹೀಯಾಳಿಸುವ ಹಾಡು ಹಾಡುತ್ತಿದ್ದರು. ಆಮೇಲೆ ಎನ್ಸೊ ಕ್ಷಮೆ ಕೇಳಿದ. ಆದರೆ ಮೆಸ್ಸಿಯೂ ಕ್ಷಮೆ ಕೇಳಬೇಕು ಎಂದ ಅಲ್ಲಿನ ಸರ್ಕಾರದ ಕ್ರೀಡಾ ಅಧಿಕಾರಿ ಹುದ್ದೆ ಕಳೆದುಕೊಂಡ, ಉಪಾಧ್ಯಕ್ಷೆ ಎನ್ಸೊ ಪರವಾಗಿ ನಿಂತರು. ನಮ್ಮ ಊರಿನ ಕ್ಲಬ್ಬಿನಲ್ಲಿ ಈ ವಿಷಯ ಎತ್ತಿದೆ. "ಅದೆಲ್ಲ ಇಂಗ್ಲಿಷ್ ಪೇಪರಿನವರು ಮಾಡಿದ್ದು, ಬಿಡಿ ಅಣ್ಣ" ಎಂದು ಒಬ್ಬ ಕೇರಂ ಬೋರ್ಡಿಗೆ ಪೌಡರ್ ಹಾಕಿದ. ಅದೇ ಹುಡುಗ ದೋಹಾದ ನಕಲಿ ಅಭಿಮಾನಿ ಮಾತಿಗೆ ವಾರಗಟ್ಟಲೆ ಕುದಿದವನು. ಪಾಸ್‌ಪೋರ್ಟ್ ತೋರಿಸು ಎಂದು ನಮಗೆ ಹೇಳಿದರೆ ಅವಮಾನ, ಫ್ರಾನ್ಸಿನ ಎಂಬಪೆಗೆ ಹೇಳಿದರೆ ಹಾಡು.

2026ರ ಕಪ್ಪಿನ ಕಥೆ ಇನ್ನೂ ವಿಚಿತ್ರ. 48 ಟೀಮ್, ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ಆಟ. 1974ರ ನಂತರ ಮೊದಲ ಸಲ ಹೈಟಿ ಅರ್ಹತೆ ಪಡೆಯಿತು. ಆದರೆ 2025ರಲ್ಲಿ ಅಮೆರಿಕ ಹೊರಡಿಸಿದ ಪ್ರವೇಶ ನಿಷೇಧದಲ್ಲಿ ಹೈಟಿಯೂ ಇತ್ತು, ಇರಾನೂ ಇತ್ತು. ವಿನಾಯಿತಿ ಇಟ್ಟದ್ದು ಆಟಗಾರರಿಗೆ, ಕೋಚ್‌ಗಳಿಗೆ. ಊರಿನಿಂದ ಹೊರಟು ಬರಬೇಕಾದ ಬೆಂಬಲಿಗರಿಗೆ ಅಲ್ಲ.

ಇನ್ನು ನಮ್ಮದೇ ಗಡಿ ಜಗಳ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಐಎಸ್‌ಎಲ್ ಫುಟ್‌ಬಾಲ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು, ಬ್ಲಾಸ್ಟರ್ಸ್ ಆಟಗಾರರು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಹೊಡೆದುಬಿಟ್ಟ, ರೆಫರಿ ಗೋಲು ಕೊಟ್ಟ. ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ಟೀಮನ್ನೇ ಕರೆದುಕೊಂಡು ಮೈದಾನ ಬಿಟ್ಟ. ಆಮೇಲೆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ಮರುದಿನ ನನ್ನ ಫೋನಿಗೆ ಎರಡೂ ಕಡೆಯಿಂದ ಮೆಸೇಜು. ಇಲ್ಲಿಯವರು ನಿಮ್ಮವರು ಮೋಸ ಮಾಡಿದರು ಎಂದರು, ಆಚೆಯವರು ನಿಮ್ಮವರು ಓಡಿಹೋದರು ಎಂದರು. ಕ್ಲಬ್ ಮಟ್ಟದಲ್ಲೇ ಇಷ್ಟಾದರೆ ದೇಶ ದೇಶಗಳ ಮಧ್ಯೆ ಏನಾಗಬೇಡ.

ನನ್ನ ಮಟ್ಟಿಗೆ, ಛೆಟ್ರಿ ಹೊಡೆದದ್ದು ಗೋಲೇ. ಬೆಂಗಳೂರಿನ ಮ್ಯಾಚ್ ಇದ್ದ ದಿನ ನಾನು ಬೆಂಗಳೂರಿಗೆ ಕೂಗುತ್ತೇನೆ, ಉಳಿದ ದಿನ ಬ್ಲಾಸ್ಟರ್ಸ್‌ಗೆ. 2016ರ ಐಎಸ್‌ಎಲ್ ಫೈನಲ್‌ನಲ್ಲಿ ಬ್ಲಾಸ್ಟರ್ಸ್‌ಗೆ ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿ ಹೆಡ್ ಮಾಡಿ ಗೋಲು ಹಾಕಿದ ಮೇಲೆ ಅದು ನನ್ನ ಟೀಮಲ್ಲ ಎಂದು ಹೇಳಲು ನನಗೆ ಆಗುವುದಿಲ್ಲ. ಎರಡರಲ್ಲಿ ಒಂದು ಹೇಳು ಎಂದು ಇಲ್ಲಿಯವರೂ ಕೇಳುತ್ತಾರೆ, ಆಚೆಯವರೂ ಕೇಳುತ್ತಾರೆ. ಕೇಳಲಿ.