ಕನ್ನಡಕ ತೆಗೆದರೆ ಕಿವಿಯೂ ಕೇಳಿಸಲ್ಲ

ಇಲ್ಲಿಗೆ ಬರುವಾಗ ಆರು ತಿಂಗಳಿಗಾಗುವಷ್ಟು ಕಾಂಟ್ಯಾಕ್ಟ್ ಲೆನ್ಸ್ ತಂದಿದ್ದೆ. ಪರದೇಶದಲ್ಲಿ ಏಳನೇ ತಿಂಗಳೂ ಇರುತ್ತದೆ ಅನ್ನೋದು ಹೊಳೆದಿರಲಿಲ್ಲ. ಕೊನೆಯ ಜೊತೆಯನ್ನು ಇವತ್ತೊಂದು ದಿನ, ನಾಳೆಯೊಂದು ದಿನ ಅಂತ ಎಳೆದೆ. ಅದೂ ಎಷ್ಟು ಅಂತ ತಡೆದೀತು? ಒಂದು ಬೆಳಿಗ್ಗೆ ಬಲಗಣ್ಣಿನದು ಬೆರಳ ತುದಿಯಲ್ಲೇ ಎರಡು ಹೋಳಾಯಿತು.

ಕನ್ನಡಕದ ಚೀಟಿ ಹಿಡಿದು ಅಂಗಡಿಗೆ ಹೋದೆ. ಎರಡೂ ಕಣ್ಣಿಗೆ ಮೈನಸ್ 6. ಕೌಂಟರಿನಲ್ಲಿದ್ದಾಕೆ ನೋಡಿ ತಲೆ ಅಲ್ಲಾಡಿಸಿದರು. ಕನ್ನಡಕದ ಚೀಟಿ ಬೇರೆ, ಲೆನ್ಸಿನ ಚೀಟಿ ಬೇರೆಯಂತೆ. ಲೆನ್ಸಿಗೆ ಪವರ್ ಒಂದೇ ಸಾಲದು. ಅದರ ಬಾಗು 8.6 ಮಿಲಿಮೀಟರೋ 8.4ಓ, ಅಗಲ 14.2ಓ 14ಓ, ಎಲ್ಲ ಬೇಕು. ಹಳೇ ಡಬ್ಬಿಯ ಮೇಲೆ ಅಚ್ಚಾಗಿರುತ್ತದಲ್ಲ, ತನ್ನಿ ಅಂದರು. ಆ ಡಬ್ಬಿಯನ್ನು ಹಿಂದಿನ ವಾರವಷ್ಟೇ ಕಸಕ್ಕೆ ಹಾಕಿದ್ದೆ. ಅದೂ ರಟ್ಟು ಬೇರೆ, ಪ್ಲಾಸ್ಟಿಕ್ ಬೇರೆ ಅಂತ ವಿಂಗಡಿಸಿ.

ಸರಿ, ಕಣ್ಣು ಪರೀಕ್ಷೆಗೆ ಕೂತೆ. ಕನ್ನಡಕ ತೆಗೆಯಿರಿ ಅಂದರು, ತೆಗೆದೆ. ಅಷ್ಟೇ, ಇವರ ಭಾಷೆಯೂ ಹೋಯಿತು! ಅಲ್ಲಿಯವರೆಗೆ ನನಗೆ ಅರ್ಥವಾಗುತ್ತಿದ್ದದ್ದು ಇವರ ಮಾತಲ್ಲ; ಕೈಸನ್ನೆ, ಹುಬ್ಬು, ತುಟಿ. ಈಗ ಎದುರಿಗಿದ್ದದ್ದು ಬಿಳಿ ಕೋಟು ಹಾಕಿದ ಮಂಜು. ಆ ಮಂಜು ಏನೋ ಕೇಳಿತು. ನಾನು ಹೂಂ ಅಂದೆ. ಮತ್ತೆ ಕೇಳಿತು. ಮತ್ತೆ ಹೂಂ ಅಂದೆ. ಅದು ಹೌದು-ಅಲ್ಲ ಅನ್ನುವ ಪ್ರಶ್ನೆಯಲ್ಲ, ಮೊದಲನೇ ಗಾಜು ಚೆನ್ನಾಗಿದೆಯೋ ಎರಡನೆಯದೋ ಅಂತ ಕೇಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಅಕ್ಷರ ಓದುವುದಂತೂ ಇನ್ನೂ ಫಜೀತಿ. ಇಂಗ್ಲಿಷಿನ ಅದೇ ಅಕ್ಷರಗಳೇ, ಆದರೆ ಇಲ್ಲಿ ಹೆಸರು ಬೇರೆ. ನಾವು 'ಈ' ಅನ್ನುವುದನ್ನು ಇವರು 'ಎ' ಅಂತಾರೆ, ನಮ್ಮ 'ಐ' ಇವರಿಗೆ 'ಈ', ನಮ್ಮ 'ಏ' ಇವರಿಗೆ 'ಆ'. ನಾನು ಒಂದನೇ ಕ್ಲಾಸಿನ ಹುಡುಗನಂತೆ ಗಟ್ಟಿಯಾಗಿ 'ಈ' ಅಂತಿದ್ದೆ. ಆಕೆ ಪಾಪ, ಇಷ್ಟು ದೊಡ್ಡ ಅಕ್ಷರವೂ ಕಾಣಲ್ವಲ್ಲ ಅಂತ ಗಾಜು ಬದಲಿಸುತ್ತಿದ್ದರು. ಒಂದೊಂದು ಅಕ್ಷರವೂ ಸೂಜಿಯ ಮೊನೆಯಷ್ಟು ಚೂಪಾಗಿ ಕಾಣುತ್ತಿತ್ತು, ಆದರೂ ನಾನು ಫೇಲ್. ಕೊನೆಗೆ ಗಾಳಿಯಲ್ಲಿ ಬೆರಳಾಡಿಸಿ ಬರೆದು ತೋರಿಸಿದೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಎರಡನೇ ಅಕ್ಷರಾಭ್ಯಾಸ.

ಹೊಸ ಚೀಟಿ ನೋಡಿದರೆ ಮೈನಸ್ 5.50! ಅರ್ಧ ಪಾಯಿಂಟ್ ಇಳಿದಿದೆ! ಅಂಗಡಿಯ ಮೆಟ್ಟಿಲಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. "ನೋಡಿದ್ಯಾ, ಅಲ್ಲಿಯ ಗಾಳಿಯೇ ಬೇರೆ" ಅಂದರು ಅಮ್ಮ.

ಎರಡು ವಾರ ಬಿಟ್ಟು ಲೆನ್ಸ್ ಬಂತು. ಎದುರಿಗೇ ಹಾಕಿ, ತೆಗೆದು ತೋರಿಸಬೇಕಂತೆ. ಹತ್ತು ವರ್ಷದಿಂದ ಹಾಕುತ್ತಿದ್ದೇನೆ, ಇದೇನು ಮಹಾ? ಆದರೆ ಯಾರಾದರೂ ನೋಡುತ್ತಾ ನಿಂತರೆ ನನ್ನ ರೆಪ್ಪೆಗೆ ನಾಚಿಕೆ. ಬೆರಳು ಹತ್ತಿರ ಬಂದರೆ ಸಾಕು, ಬಾಗಿಲು ಬಂದ್. ಹೇಗೋ ಒಂದು ಒಳಗೆ ಹೋಯಿತು, ಉರಿಯಿತು. ಉಲ್ಟಾ ಹಾಕಿದ್ದೆ. ಬೆರಳ ಮೇಲೆ ಬಟ್ಟಲಿನಂತೆ ಕೂತರೆ ಸರಿ, ತಟ್ಟೆಯಂತೆ ಅಂಚು ಹೊರಕ್ಕೆ ಬಾಗಿದರೆ ಉಲ್ಟಾ ಅಂತ ನನಗೂ ಗೊತ್ತು. ಆದರೆ ಅದನ್ನು ನೋಡೋಕೆ ಕನ್ನಡಕ ಬೇಕಲ್ವಾ? ಒಟ್ಟೊ ವಿಖ್ಟರ್ಲೆ ಎಂಬ ಜೆಕ್ ವಿಜ್ಞಾನಿ 1961ರಲ್ಲಿ ಮಕ್ಕಳ ಆಟದ ಸಾಮಾನು ಜೋಡಿಸಿ, ಮನೆಯಲ್ಲೇ ಮೆದು ಲೆನ್ಸ್ ತಯಾರಿಸುವ ಯಂತ್ರ ಮಾಡಿದರಂತೆ. ಅವರಿಗೆ ಆಟಿಕೆಯಲ್ಲಿ ಲೆನ್ಸ್ ಮಾಡೋಕೆ ಬಂತು, ನನಗೆ ಮಾಡಿಟ್ಟದ್ದನ್ನು ಹಾಕೋಕೆ ಬರಲಿಲ್ಲ.

ಹೊರಡುವಾಗ, ನನ್ನ ಕಣ್ಣು ಸುಧಾರಿಸಿದ್ದು ಹೇಗೆ ಅಂತ ಕೇಳಿದೆ. ಆಕೆ ನಕ್ಕರು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಮೈನಸ್ ಜಾಸ್ತಿ ಇದ್ದವರಿಗೆ ಅಷ್ಟು ದೂರ ಕಡಿಮೆಯಾದರೆ ಪವರೂ ಒಂದಿಷ್ಟು ಕಡಿಮೆ ಸಾಕು. ಕಣ್ಣು ಇದ್ದ ಹಾಗೇ ಇದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೋದ ವಾರ ಚಿಕ್ಕಮ್ಮ ಫೋನ್ ಮಾಡಿ, "ಅಲ್ಲಿ ಕಣ್ಣಿಗೆ ಏನೋ ಡ್ರಾಪ್ಸ್ ಹಾಕ್ತಾರಂತಲ್ಲೋ, ಬರುವಾಗ ನನಗೂ ಎರಡು ಬಾಟಲಿ ತಗೊಂಡು ಬಾ" ಅಂದರು.