ಸ್ಪಷ್ಟನೆ: ಪಪುವಾ ನ್ಯೂಗಿನಿ ಸೋಲಿಸಿದ್ದು ಆಸ್ಟ್ರೇಲಿಯಾವನ್ನಲ್ಲ
"ಪುಟ್ಟ ಬಡ ದೇಶ ಪಪುವಾ ನ್ಯೂಗಿನಿ, ಆಸ್ಟ್ರೇಲಿಯನ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನೇ ಸೋಲಿಸಿತು" ಅನ್ನೋ ಮೆಸೇಜ್ ಓಡಾಡ್ತಿದೆ. ಖುಷಿಯಲ್ಲಿ ನಾನೂ ಎರಡು ಗ್ರೂಪಿಗೆ ಹಾಕಿಬಿಟ್ಟಿದ್ದೆ. ಅದು ತಪ್ಪು.

ಆಸ್ಟ್ರೇಲಿಯನ್ ಫುಟ್‌ಬಾಲ್ ಅಂದರೆ ನಾವು ನೋಡುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಆಸ್ಟ್ರೇಲಿಯಾದ್ದೇ ಆಟ. ಆ ಟೂರ್ನಿಯ ಹೆಸರು ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಇಂಟರ್‌ನ್ಯಾಷನಲ್ ಕಪ್. ನಡೆಯುತ್ತಿದ್ದದ್ದು ಆಸ್ಟ್ರೇಲಿಯಾದಲ್ಲೇ, ಆದರೆ ಅದರಲ್ಲಿ ಆಸ್ಟ್ರೇಲಿಯಾ ಆಡುತ್ತಲೇ ಇರಲಿಲ್ಲ. ಅಲ್ಲಿ ಈ ಆಟ ವೃತ್ತಿಪರರದ್ದು. ಈ ಕಪ್ ಇದ್ದದ್ದು ಬೇರೆ ದೇಶಗಳ ಹವ್ಯಾಸಿ ಆಟಗಾರರಿಗೆ. ಗೊಂದಲಕ್ಕೆ ಆಟದ ಹೆಸರೇ ಕಾರಣ ಇರಬೇಕು.

ನಿಜ ಸಂಗತಿಯೇನೂ ಕಡಿಮೆಯದಲ್ಲ. ಪಪುವಾ ನ್ಯೂಗಿನಿಯ ಗಂಡಸರ ತಂಡಕ್ಕೆ ಮಸ್ಕಿಟೋಸ್ ಅಂತ ಹೆಸರು. ಹೌದು, ಸೊಳ್ಳೆಗಳು! 2002ರಿಂದ 2017ರವರೆಗೆ ನಡೆದ ಆರೂ ಟೂರ್ನಿಗಳಲ್ಲಿ ಈ ತಂಡ ಫೈನಲ್ ತಲುಪಿದೆ. ಮೊದಲೆರಡು ಸಲ ಮತ್ತು 2011ರಲ್ಲಿ ಸೋತಿತು. 2008ರಲ್ಲಿ ನ್ಯೂಜಿಲೆಂಡನ್ನು, 2014ರಲ್ಲಿ ಐರ್ಲೆಂಡನ್ನು, 2017ರಲ್ಲಿ ಮತ್ತೆ ನ್ಯೂಜಿಲೆಂಡನ್ನು ಸೋಲಿಸಿ ಕಪ್ ಗೆದ್ದಿತು. ಟೂರ್ನಿಯ ಫಲಿತಾಂಶಗಳ ಪಟ್ಟಿ ನೋಡಿದರೆ ಆಸ್ಟ್ರೇಲಿಯಾದ ಹೆಸರು ಎಲ್ಲೂ ಸಿಗುವುದಿಲ್ಲ.

ಹಾಗಾಗಿ ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ನಾನೂ ಹಾಕಿದ್ದೇನೆ.